ಹಳೆಯ ಸೈನಸ್ ತೊಂದರೆಗೆ ಉಪ್ಪುನೀರೋ, ಸ್ಪ್ರೇಯೋ, ಶಸ್ತ್ರಚಿಕಿತ್ಸೆಯೋ, ಚುಚ್ಚುಮದ್ದೋ?

ಮೂಗು ಕಟ್ಟಿ, ಕೆನ್ನೆ-ಹಣೆ ಭಾರವಾಗಿ, ಗಂಟಲಿಗೆ ಸದಾ ಕಫ ಇಳಿಯುತ್ತ ತಿಂಗಳುಗಟ್ಟಲೆ ನರಳುವವರಿಗೆ ಸಲಹೆಗಳ ಕೊರತೆ ಇರುವುದಿಲ್ಲ. ಒಬ್ಬರು ಉಪ್ಪುನೀರಿನಲ್ಲಿ ಮೂಗು ತೊಳೆಯಿರಿ ಅನ್ನುತ್ತಾರೆ, ಇನ್ನೊಬ್ಬರು ಸ್ಪ್ರೇ ಬರೆದುಕೊಡುತ್ತಾರೆ, ಮತ್ತೊಬ್ಬರು ಆಪರೇಷನ್ ಮಾಡಿಸಿಬಿಡಿ ಅನ್ನುತ್ತಾರೆ. ಈಚೆಗೆ ಎರಡು ವಾರಕ್ಕೊಮ್ಮೆ ತೆಗೆದುಕೊಳ್ಳುವ ಚುಚ್ಚುಮದ್ದಿನ ಮಾತೂ ಇದಕ್ಕೆ ಸೇರಿದೆ. ಇಷ್ಟರಲ್ಲಿ ಎಲ್ಲಕ್ಕಿಂತ ಒಳ್ಳೆಯದು ಯಾವುದು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಆದರೆ ಸೈನಸ್ಸಿನ, ಅಂದರೆ ಮೂಗಿನ ಸುತ್ತಲ ಮೂಳೆಗಳೊಳಗಿನ ಗಾಳಿಗೂಡಿನ, ಒಳಪೊರೆಯಲ್ಲಿ ಏನು ಕೆಟ್ಟಿದೆ ಎಂಬುದು ಸ್ವಲ್ಪ ಅರ್ಥವಾದರೆ, ಯಾರಿಗೆ ಯಾವುದು ಸರಿ ಎಂಬುದು ಸಾಕಷ್ಟು ಸ್ಪಷ್ಟವಾಗುತ್ತದೆ.

ಮೊದಲು ರೋಗ ಇದೇ ಹೌದೋ ಎಂದು ಖಚಿತವಾಗಬೇಕು. ಮೂಗು ಕಟ್ಟುವುದು, ಸಿಂಬಳ ಮುಂದಕ್ಕೋ ಗಂಟಲಿಗೋ ಇಳಿಯುವುದು, ಮುಖದಲ್ಲಿ ನೋವು ಅಥವಾ ಒತ್ತಡ, ವಾಸನೆ ತಿಳಿಯದಿರುವುದು ಎಂಬ ನಾಲ್ಕರಲ್ಲಿ ಎರಡಾದರೂ 12 ವಾರ ಮೀರಿ ಇರಬೇಕು. ಜೊತೆಗೆ ಎಂಡೊಸ್ಕೋಪಿಯಲ್ಲಿ (ಮೂಗಿನೊಳಗೆ ಕ್ಯಾಮೆರಾ ಇರುವ ತೆಳು ಕೊಳವೆ ಇಳಿಸಿ ನೋಡುವುದು) ಅಥವಾ ಸಿ.ಟಿ. ಸ್ಕ್ಯಾನಿನಲ್ಲಿ ಉರಿಯೂತ ಕಣ್ಣಿಗೆ ಬೀಳಬೇಕು. ಈ ಎರಡನೆಯ ಮಾತನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಬರೀ ತಲೆನೋವನ್ನು ಸೈನಸ್ ಎಂದುಕೊಂಡು ವರ್ಷಗಟ್ಟಲೆ ಔಷಧಿ ನುಂಗುವವರಿದ್ದಾರೆ, ಅವರಲ್ಲಿ ಹಲವರಿಗೆ ಇರುವುದು ಮೈಗ್ರೇನ್. ಸ್ಕ್ಯಾನಿನಲ್ಲಿ ಸೈನಸ್ ಸ್ವಚ್ಛವಾಗಿದ್ದರೆ ಮುಂದಿನ ಹೋಲಿಕೆ ನಿಮಗೆ ಅನ್ವಯಿಸುವುದಿಲ್ಲ.

ಪೊರೆಯ ಮೇಲಿನ ನೀರು

ಸೈನಸ್ಸಿನ ಒಳಗೋಡೆಯ ಜೀವಕೋಶಗಳ ಮೇಲೆ ಕೂದಲಿಗಿಂತಲೂ ಎಷ್ಟೋ ಸಣ್ಣದಾದ ಸೂಕ್ಷ್ಮರೋಮಗಳಿವೆ. ಸೆಕೆಂಡಿಗೆ ಸುಮಾರು 10ರಿಂದ 15 ಬಾರಿ ಬಡಿಯುತ್ತ, ಮೇಲಿನ ಲೋಳೆಯನ್ನು ನಿಮಿಷಕ್ಕೆ ಕೆಲವು ಮಿಲಿಮೀಟರ್‌ಗಳಷ್ಟು ಮುಂದಕ್ಕೆ ದೂಡುವುದು ಅವುಗಳ ಕೆಲಸ. ಧೂಳು, ಬ್ಯಾಕ್ಟೀರಿಯಾ ಎಲ್ಲವೂ ಆ ಲೋಳೆಗೆ ಅಂಟಿಕೊಂಡು ಸೈನಸ್ಸಿನ ಬಾಯಿಯ ಮೂಲಕ ಹೊರಗೆ ಬರುತ್ತವೆ. ಆದರೆ ರೋಮಗಳು ಬಡಿಯಬೇಕಾದರೆ ಅವುಗಳ ಸುತ್ತ ತೆಳುವಾದ ನೀರು ಬೇಕು. ಆ ಪದರದ ಆಳ ಸುಮಾರು 7 ಮೈಕ್ರೋಮೀಟರ್, ರೋಮದ ಎತ್ತರದಷ್ಟೇ. ಅದು ಬತ್ತಿದರೆ ರೋಮಗಳ ಸ್ಥಿತಿ ಕೆಸರಿಗೆ ಸಿಕ್ಕ ದೋಣಿಯ ಹುಟ್ಟಿನಂತಾಗುತ್ತದೆ.

ಈ ನೀರನ್ನು ಕಾಯುವುದು ಅಯಾನುಗಳ, ಅಂದರೆ ವಿದ್ಯುದಾವೇಶ ಹೊತ್ತ ಉಪ್ಪಿನ ಕಣಗಳ, ಸಾಗಾಟ. ಜೀವಕೋಶ ಕ್ಲೋರೈಡನ್ನು ಹೊರಗೆ ಬಿಟ್ಟರೆ ಅದರ ಹಿಂದೆ ನೀರು ಹೊರಬರುತ್ತದೆ. ಇದಕ್ಕಿರುವ ಮುಖ್ಯ ದ್ವಾರ ಸಿಎಫ್‌ಟಿಆರ್ ಎಂಬ ಪ್ರೋಟೀನು. ಟಿಎಂಇಎಂ16ಎ ಎಂಬ ಇನ್ನೊಂದು ದ್ವಾರವೂ ಇದೆ. ಇಎನ್ಯಾಕ್ ಎಂಬ ದ್ವಾರದ ಮೂಲಕ ಸೋಡಿಯಂ ಒಳಗೆ ಹೀರಲ್ಪಟ್ಟಾಗ ಅದರೊಂದಿಗೆ ನೀರೂ ಒಳಗೆ ಹೋಗುತ್ತದೆ. ಹೊರಗೆ ಬಿಡುವುದು ಮತ್ತು ಒಳಗೆ ಹೀರುವುದು ಸರಿದೂಗಿದಾಗ ಪದರ ಸರಿಯಾದ ಆಳದಲ್ಲಿ ಉಳಿಯುತ್ತದೆ. ಸಿಎಫ್‌ಟಿಆರ್ ದ್ವಾರದಲ್ಲಿ ಬೈಕಾರ್ಬನೇಟ್ ಕೂಡ ಹೊರಬರುತ್ತದೆ. ಅದು ಕಡಿಮೆಯಾದರೆ ಲೋಳೆ ಸರಿಯಾಗಿ ಬಿಚ್ಚಿಕೊಳ್ಳದೆ ಅಂಟಂಟಾಗಿಯೇ ಉಳಿಯುತ್ತದೆ.

ಹಳೆಯ ಉರಿಯೂತದಲ್ಲಿ ಈ ವ್ಯವಸ್ಥೆಗೆ ಹಲವು ಕಡೆಯಿಂದ ಏಟು ಬೀಳುತ್ತದೆ. ಸೈನಸ್ಸಿನ ಬಾಯಿ ಊದಿ ಮುಚ್ಚಿಕೊಂಡರೆ ಒಳಗೆ ಆಮ್ಲಜನಕ ಇಳಿಯುತ್ತದೆ, ಆಮ್ಲಜನಕ ಇಳಿದರೆ ಸಿಎಫ್‌ಟಿಆರ್ ಮಂಕಾಗುತ್ತದೆ. ಸಿಗರೇಟಿನ ಹೊಗೆಯೂ ಅದನ್ನು ಕುಗ್ಗಿಸುತ್ತದೆ. ಬಿಳಿ ರಕ್ತಕಣಗಳು ಬಿಡುಗಡೆ ಮಾಡುವ ಎಲಾಸ್ಟೇಸ್ ಎಂಬ ಕಿಣ್ವ ಒಂದೆಡೆ ಸಿಎಫ್‌ಟಿಆರ್ ಅನ್ನು ಒಡೆಯುತ್ತದೆ, ಇನ್ನೊಂದೆಡೆ ಇಎನ್ಯಾಕ್ ಅನ್ನು ಕೆರಳಿಸುತ್ತದೆ. ಪರಿಣಾಮವಾಗಿ ನೀರು ಇನ್ನಷ್ಟು ಬತ್ತುತ್ತದೆ, ಲೋಳೆ ನಿಲ್ಲುತ್ತದೆ, ನಿಂತ ಲೋಳೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಉರಿಯೂತ ಇನ್ನೂ ಏರುತ್ತದೆ. ಈ ಸುತ್ತು ಒಮ್ಮೆ ಶುರುವಾದರೆ ತಾನಾಗಿ ನಿಲ್ಲುವುದು ಕಷ್ಟ. ಆದ್ದರಿಂದ ಯಾವುದೇ ಚಿಕಿತ್ಸೆಯ ಬಗ್ಗೆ ನಾನು ಕೇಳುವ ಮೊದಲ ಪ್ರಶ್ನೆ, ಇದು ಈ ಸುತ್ತನ್ನು ಎಲ್ಲಿ ಕಡಿಯುತ್ತದೆ ಎಂಬುದು.

ಪಾಲಿಪ್, ಅಂದರೆ ದ್ರಾಕ್ಷಿ ಗೊಂಚಲಿನ ಹಾಗೆ ಮೂಗಿನೊಳಗೆ ಬೆಳೆಯುವ ಊತ ಇರುವವರಲ್ಲಿ ನೀರಿನ ಕೊರತೆಯೊಂದೇ ಸಮಸ್ಯೆಯಲ್ಲ. ಅವರಲ್ಲಿ ಐಎಲ್-4, ಐಎಲ್-5, ಐಎಲ್-13 ಎಂಬ, ರೋಗನಿರೋಧಕ ಕೋಶಗಳ ಸಂದೇಶವಾಹಕಗಳ ಆರ್ಭಟ ಹೆಚ್ಚು. ಐಎಲ್-13 ಲೋಳೆ ಸುರಿಸುವ ಕೋಶಗಳನ್ನು ಹೆಚ್ಚಿಸುತ್ತದೆ. ಪೊರೆಯೇ ನೀರು ತುಂಬಿ ಊದಿಕೊಂಡಿರುತ್ತದೆ. ಇಲ್ಲಿ ಮೊದಲು ಉರಿಯೂತ ಇಳಿಯಬೇಕು. ಪಾಲಿಪ್ ಇದೆಯೋ ಇಲ್ಲವೋ ಎಂಬುದು ಆಯ್ಕೆಯ ಮೊದಲ ಕವಲು. ಅದನ್ನು ಎಂಡೊಸ್ಕೋಪಿ ಮಾಡಿಯೇ ತಿಳಿಯಬೇಕು.

ಅಳೆಯುವ ಮಾನದಂಡಗಳು

ಸುತ್ತನ್ನು ಎಲ್ಲಿ ಕಡಿಯುತ್ತದೆ ಎಂದು ನೋಡಿದ ಮೇಲೆ ಔಷಧಿ ಅಲ್ಲಿಗೆ ತಲುಪುತ್ತದೆಯೇ ಎಂದು ನೋಡಬೇಕು. ಸೈನಸ್ಸಿನ ಬಾಯಿ ಮುಚ್ಚಿದ್ದರೆ ಎಷ್ಟೇ ಒಳ್ಳೆಯ ಸ್ಪ್ರೇಯಾದರೂ ಮೂಗಿನಲ್ಲೇ ನಿಲ್ಲುತ್ತದೆ. ನಿಲ್ಲಿಸಿದ ಮೇಲೆ ಗುಣ ಎಷ್ಟು ದಿನ ಉಳಿಯುತ್ತದೆ, ಅಪಾಯವೇನು, ಹಣ ಎಷ್ಟು, ದಿನನಿತ್ಯದ ಶ್ರಮ ಎಷ್ಟು ಎಂಬುದೂ ಮುಖ್ಯ. ಹಣದ ಲೆಕ್ಕ ಹಾಕುವಾಗ ಒಂದು ಸಲದ ದೊಡ್ಡ ಖರ್ಚನ್ನೂ ತಿಂಗಳು ತಿಂಗಳು ಬರುವ ಖರ್ಚನ್ನೂ ಬೇರೆ ಬೇರೆ ಇಟ್ಟು ನೋಡಿ. ಶಸ್ತ್ರಚಿಕಿತ್ಸೆ ಮೊದಲ ಬಗೆಯದು, ಬಯಾಲಾಜಿಕ್ (ಉರಿಯೂತದ ಸಂದೇಶಗಳನ್ನು ತಡೆಯುವ ಪ್ರೋಟೀನು ಔಷಧಿ) ಚುಚ್ಚುಮದ್ದು ಎರಡನೆಯ ಬಗೆಯದು.

ಗುಣವನ್ನು ಅಳೆಯಲು ಸ್ನಾಟ್-22 ಎಂಬ ಪ್ರಶ್ನಾವಳಿ ಇದೆ. 22 ಪ್ರಶ್ನೆಗಳಿಗೆ 0ರಿಂದ 5ರವರೆಗೆ ಅಂಕ ಕೊಡುತ್ತೀರಿ, ಒಟ್ಟು 110. ಅಂಕ ಹೆಚ್ಚಾದಷ್ಟೂ ತೊಂದರೆ ಹೆಚ್ಚು. ಸುಮಾರು 9 ಅಂಕ ಇಳಿದರೆ ಮಾತ್ರ ರೋಗಿಗೆ ಬದಲಾವಣೆ ಅನುಭವಕ್ಕೆ ಬಂದಿದೆ ಎಂದು ಲೆಕ್ಕ. ಯಾವುದೇ ಚಿಕಿತ್ಸೆ ಶುರು ಮಾಡುವ ಮುನ್ನ ಒಮ್ಮೆ, ಮೂರು ತಿಂಗಳ ನಂತರ ಒಮ್ಮೆ ಇದನ್ನು ತುಂಬಿಡಿ. ಸ್ವಲ್ಪ ಪರವಾಗಿಲ್ಲ ಎಂಬ ಮಾತಿಗಿಂತ ಈ ಅಂಕಿ ವೈದ್ಯರಿಗೂ ನಿಮಗೂ ಹೆಚ್ಚು ಉಪಯುಕ್ತ.

ಉಪ್ಪುನೀರಿನ ತೊಳೆತ

ಇದು ಎಲ್ಲಕ್ಕಿಂತ ಅಗ್ಗ. ರೋಗದ ಮೂಲದಲ್ಲಿರುವ ನೀರಿನ ಪದರಕ್ಕೆ ನೇರವಾಗಿ ಕೈ ಹಾಕುವ ಕೆಲವೇ ಚಿಕಿತ್ಸೆಗಳಲ್ಲಿ ಒಂದು. ಇದನ್ನು ಮನೆಮದ್ದು ಎಂದು ಬದಿಗಿಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ, ಏಕೆಂದರೆ ಉಳಿದ ಎಲ್ಲ ಚಿಕಿತ್ಸೆಗಳ ಕೆಳಗೂ ಇದು ಅಡಿಪಾಯವಾಗಿ ಇರಬೇಕಾದದ್ದು. ನಿಂತ ಲೋಳೆಯನ್ನೂ ಅದರಲ್ಲಿರುವ ಉರಿಯೂತದ ರಾಸಾಯನಿಕಗಳನ್ನೂ ತೊಳೆದು ತೆಗೆಯುತ್ತದೆ, ಪೊರೆಗೆ ತೇವ ಕೊಡುತ್ತದೆ, ಮುಂದೆ ಹಾಕುವ ಔಷಧಿಗೆ ದಾರಿ ಮಾಡುತ್ತದೆ.

ಇದರಲ್ಲೂ ಆಯ್ಕೆಗಳಿವೆ. ಸಣ್ಣ ಸ್ಪ್ರೇಗಿಂತ 200–250 ಮಿಲಿಲೀಟರ್ ಹಿಡಿಯುವ ಹಿಂಡುವ ಬಾಟಲಿ ಮೇಲು. ಸ್ಪ್ರೇ ಮೂಗಿನ ಮುಂಭಾಗ ತೇವ ಮಾಡುತ್ತದೆ ಅಷ್ಟೆ. ಉಪ್ಪಿನ ಪ್ರಮಾಣದಲ್ಲಿ ದೇಹದ ದ್ರವಕ್ಕೆ ಸಮನಾದದ್ದು ಶೇ. 0.9, ಅಂದರೆ 1 ಲೀಟರ್ ನೀರಿಗೆ 9 ಗ್ರಾಂ. ಅದಕ್ಕಿಂತ ಗಾಢವಾದದ್ದು ಶೇ. 1.5ರಿಂದ 3ರವರೆಗೆ. ಗಾಢ ದ್ರಾವಣ ಜೀವಕೋಶಗಳಿಂದ ನೀರನ್ನು ಮೇಲಕ್ಕೆ ಸೆಳೆದು ಪದರವನ್ನು ಕೆಲಹೊತ್ತು ಆಳ ಮಾಡುತ್ತದೆ. ಗಟ್ಟಿ ಕಫ ಇರುವವರಿಗೆ, ಊತ ಹೆಚ್ಚಿರುವವರಿಗೆ ಇದರಿಂದ ಹೆಚ್ಚು ಆರಾಮ ಸಿಗಬಹುದು, ಆದರೆ ಉರಿ ಜಾಸ್ತಿ. ಹೆಚ್ಚು ಉಪ್ಪು ಹಾಕಿದಷ್ಟೂ ಒಳ್ಳೆಯದು ಎಂದುಕೊಳ್ಳಬೇಡಿ. ತೀರಾ ಗಾಢವಾದರೆ ರೋಮಗಳ ಬಡಿತವೇ ನಿಲ್ಲುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡುಬಂದಿದೆ. ನನ್ನ ಸಲಹೆ, ಶೇ. 0.9ರಿಂದ ಶುರು ಮಾಡಿ. ಕೆಲವು ವಾರ ಕಳೆದರೂ ಕಫ ಸಡಿಲವಾಗದಿದ್ದರೆ ಆಗ ಶೇ. 2ರ ಆಸುಪಾಸಿಗೆ ಏರಿಸಿ ನೋಡಿ. ಚಿಟಿಕೆ ಅಡುಗೆ ಸೋಡಾ ಸೇರಿಸಿದರೆ ಉರಿ ಕಡಿಮೆಯಾಗುತ್ತದೆ.

ಕೆಲವರು ಕ್ಸೈಲಿಟಾಲ್ ಎಂಬ ಸಕ್ಕರೆಯಂಥ ಸಿಹಿ ಪದಾರ್ಥ ಬೆರೆತ ದ್ರಾವಣ ಬಳಸುತ್ತಾರೆ. ಅದು ಜೀವಕೋಶದೊಳಗೆ ಸುಲಭವಾಗಿ ಹೋಗದೆ ಮೇಲೆಯೇ ಉಳಿದು ನೀರನ್ನು ಹಿಡಿದಿಡುತ್ತದೆ, ಮೇಲಿನ ದ್ರವದ ಉಪ್ಪಿನ ಸಾಂದ್ರತೆಯನ್ನು ತಗ್ಗಿಸುತ್ತದೆ. ಉಪ್ಪು ತಗ್ಗಿದಾಗ ಪೊರೆಯದೇ ಆದ ಬ್ಯಾಕ್ಟೀರಿಯಾ ನಾಶಕಗಳು ಚುರುಕಾಗುತ್ತವೆ ಎಂಬುದು ಇದರ ಹಿಂದಿನ ತರ್ಕ. ತರ್ಕ ಚೆನ್ನಾಗಿದೆ, ಆದರೆ ರೋಗಿಗಳ ಮೇಲಿನ ಪ್ರಯೋಗಗಳು ಚಿಕ್ಕವು. ಹೆಚ್ಚಿನ ಖರ್ಚು ಹೊರೆಯಲ್ಲದಿದ್ದರೆ ಮಾಡಿ ನೋಡಬಹುದು.

ನೀರಿನ ವಿಷಯದಲ್ಲಿ ಮಾತ್ರ ರಾಜಿ ಬೇಡ. ನಲ್ಲಿಯ ಹಸಿ ನೀರನ್ನು ಮೂಗಿಗೆ ಹಾಕಬಾರದು. ಅಮೆರಿಕದ ಲೂಸಿಯಾನಾದಲ್ಲಿ 2011ರಲ್ಲಿ ನಲ್ಲಿ ನೀರಿನಿಂದ ಮೂಗು ತೊಳೆದ ಇಬ್ಬರು ನೇಗ್ಲೇರಿಯಾ ಫೌಲೆರಿ ಎಂಬ ಅಮೀಬಾ ಮೆದುಳಿಗೆ ಹೊಕ್ಕು ತೀರಿಕೊಂಡರು. ಅಪರೂಪ ನಿಜ, ಆದರೆ ತಪ್ಪಿಸುವುದು ಅಷ್ಟೇ ಸುಲಭ. ಕನಿಷ್ಠ ಒಂದು ನಿಮಿಷ ಚೆನ್ನಾಗಿ ಕುದಿಸಿ ಆರಿಸಿದ ನೀರು ಅಥವಾ ಬಟ್ಟಿ ಇಳಿಸಿದ ನೀರು ಬಳಸಿ. ಬಾಟಲಿಯನ್ನು ಪ್ರತಿ ಸಲ ತೊಳೆದು ಒಣಗಿಸಿ.

ಮಿತಿಯೂ ಇದೆ. ಶಸ್ತ್ರಚಿಕಿತ್ಸೆ ಆಗದ ಮೂಗಿನಲ್ಲಿ ಈ ನೀರು ಸೈನಸ್ಸಿನ ಒಳಗೆ ಹೋಗುವುದು ತೀರಾ ಕಡಿಮೆ. ಬಾಯಿ ಸುಮಾರು 4 ಮಿಲಿಮೀಟರ್‌ನಷ್ಟು ಅಗಲವಾದರೆ ಮಾತ್ರ ಚೆನ್ನಾಗಿ ಒಳಹೊಗುತ್ತದೆ. ನಿಲ್ಲಿಸಿದರೆ ಗುಣವೂ ನಿಲ್ಲುತ್ತದೆ. ದಿನಕ್ಕೆ ಒಂದೆರಡು ಸಲ ತಪ್ಪದೆ ಮಾಡುವ ತಾಳ್ಮೆಯೇ ಇದರ ನಿಜವಾದ ಬೆಲೆ.

ಸ್ಟೀರಾಯ್ಡ್ ಸ್ಪ್ರೇ

ಉರಿಯೂತದ ಕಡೆಯಿಂದ ಸುತ್ತನ್ನು ಕಡಿಯುವ ಮೊದಲ ಸಾಲಿನ ಔಷಧಿ ಇದು. ಸ್ಟೀರಾಯ್ಡ್ ಎಂಬ ಹೆಸರಿಗೆ ಹೆದರುವವರಿಗೆ ಒಂದು ಮಾತು: ಮೊಮೆಟಾಸೋನ್, ಫ್ಲುಟಿಕಾಸೋನ್ ಸ್ಪ್ರೇಗಳಲ್ಲಿ ರಕ್ತಕ್ಕೆ ಸೇರುವುದು ಶೇ. 2ಕ್ಕೂ ಕಡಿಮೆ. ಮೂಗಿನಲ್ಲಿ ಒಣಗುವಿಕೆ, ಸ್ವಲ್ಪ ರಕ್ತ ಬರುವುದು ಸಾಮಾನ್ಯ ಅಡ್ಡಪರಿಣಾಮ. ಇದು ವಿಫಲವಾಗಲು ಎರಡು ಕಾರಣಗಳು ಪದೇ ಪದೇ ಕಾಣಿಸುತ್ತವೆ. ನಾಲ್ಕು ದಿನ ಹಾಕಿ ಬಿಡುವುದು ಒಂದು, ನಡುಗೋಡೆಗೆ ಹೊಡೆಯುವುದು ಇನ್ನೊಂದು. ಪೂರ್ಣ ಗುಣ ತಿಳಿಯಲು 8ರಿಂದ 12 ವಾರ ಬೇಕು. ಬಲ ಮೂಗಿಗೆ ಎಡಗೈ, ಎಡ ಮೂಗಿಗೆ ಬಲಗೈ ಬಳಸಿ, ತುದಿಯನ್ನು ಕಣ್ಣಿನ ಹೊರಮೂಲೆಯ ಕಡೆಗೆ ತಿರುಗಿಸಿ ಹೊಡೆಯಿರಿ. ತೊಳೆದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಹಾಕಿ.

ಉಪ್ಪುನೀರಿಗೆ ಬ್ಯುಡೆಸೊನೈಡ್ ಎಂಬ ಸ್ಟೀರಾಯ್ಡ್ ಬೆರೆಸಿ ತೊಳೆಯುವ ಕ್ರಮವೂ ಇದೆ. ಸೈನಸ್ಸಿನ ಬಾಯಿ ಈಗಾಗಲೇ ಶಸ್ತ್ರಚಿಕಿತ್ಸೆಯಿಂದ ತೆರೆದಿದ್ದರೆ, ಅದರಲ್ಲೂ ಪಾಲಿಪ್ ಇದ್ದರೆ, ಇದು ಸ್ಪ್ರೇಗಿಂತ ಆಳಕ್ಕೆ ಹೋಗುತ್ತದೆ. ಬಾಯಿ ಮುಚ್ಚಿದ್ದಾಗ ಆ ಅನುಕೂಲ ಬಹುಪಾಲು ಇಲ್ಲ. ವೈದ್ಯರು ಹೇಳದೆ ಇದನ್ನು ಶುರು ಮಾಡಬೇಡಿ.

ಮೂಗು ತಟ್ಟನೆ ಬಿಡಿಸುವ ಆಕ್ಸಿಮೆಟಾಜೊಲಿನ್, ಕ್ಸೈಲೊಮೆಟಾಜೊಲಿನ್ ಹನಿಗಳು ಈ ಗುಂಪಿನವಲ್ಲ. ಕೆಲವೇ ದಿನ ಮೀರಿದರೆ ಅವೇ ಮೂಗು ಕಟ್ಟಿಸತೊಡಗುತ್ತವೆ. ಹಬೆ ತೆಗೆದುಕೊಳ್ಳುವುದರಿಂದ ಆ ಹೊತ್ತಿಗೆ ಹಾಯೆನಿಸಬಹುದು, ರೋಗದ ಹಾದಿ ಬದಲಾಗುವುದಿಲ್ಲ. ಅಲರ್ಜಿಯ ಮಾತ್ರೆ ಅಲರ್ಜಿ ಇದ್ದವರಿಗಷ್ಟೇ.

ಮಾತ್ರೆಗಳು: ಆ್ಯಂಟಿಬಯೋಟಿಕ್ ಮತ್ತು ಸ್ಟೀರಾಯ್ಡ್

ಹಳೆಯ ಸೈನಸ್ ಉರಿಯೂತಕ್ಕೆ ಮತ್ತೆ ಮತ್ತೆ ಆ್ಯಂಟಿಬಯೋಟಿಕ್ ನುಂಗುವುದು ನನಗೆ ಎಲ್ಲಕ್ಕಿಂತ ಕಳವಳ ತರುವ ಅಭ್ಯಾಸ. ಬ್ಯಾಕ್ಟೀರಿಯಾ ಇಲ್ಲಿ ಬಹುಪಾಲು ನಿಂತ ಲೋಳೆಯ ಫಲ. ಲೋಳೆ ಹರಿಯದಿದ್ದರೆ ಒಂದು ಕೋರ್ಸ್ ಮುಗಿದ ಕೂಡಲೇ ಮತ್ತೆ ಬರುತ್ತದೆ. ಕ್ಲಾರಿಥ್ರೊಮೈಸಿನ್‌ನಂಥ, ಮ್ಯಾಕ್ರೊಲೈಡ್ ಎಂಬ ಗುಂಪಿನ ಆ್ಯಂಟಿಬಯೋಟಿಕ್ಕನ್ನು ಉರಿಯೂತ ತಗ್ಗಿಸಲೆಂದು ಕಡಿಮೆ ಪ್ರಮಾಣದಲ್ಲಿ ಮೂರು ತಿಂಗಳು ಕೊಡುವ ಪದ್ಧತಿ ಇದೆ. ಬ್ರಿಟನ್ನಿನಲ್ಲಿ ಸುಮಾರು 500 ಜನರ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಮ್ಯಾಕ್ರೊ ಎಂಬ ಹೆಸರಿನ ಪ್ರಯೋಗದಲ್ಲಿ ಆರು ತಿಂಗಳ ಹೊತ್ತಿಗೆ ಅದು ಹುಸಿಮಾತ್ರೆಗಿಂತ (ಔಷಧಿಯೇ ಇಲ್ಲದ ಮಾತ್ರೆ) ಮೇಲೆನಿಸಲಿಲ್ಲ. ಹೃದಯದ ಬಡಿತದ ಲಯ ಕೆಡಿಸುವ ಸಾಧ್ಯತೆಯೂ ಈ ಔಷಧಿಗಿದೆ. ಕೀವು ತುಂಬಿ ಜ್ವರ ಬಂದು ಒಮ್ಮೆಲೆ ಉಲ್ಬಣಿಸಿದಾಗ, ಸಾಧ್ಯವಾದರೆ ಕೀವನ್ನು ಪರೀಕ್ಷೆಗೆ ಕಳಿಸಿ, ಆ್ಯಂಟಿಬಯೋಟಿಕ್ ಕೊಡುವುದು ಬೇರೆ ಮಾತು.

ಸ್ಟೀರಾಯ್ಡ್ ಮಾತ್ರೆ ಪಾಲಿಪ್ ಇರುವವರಲ್ಲಿ ಬೇಗ ಕೆಲಸ ಮಾಡುತ್ತದೆ. ಕೆಲವೇ ದಿನಗಳಲ್ಲಿ ವಾಸನೆ ಮರಳಿ ಬಂದಾಗ ರೋಗಿಗೆ ಆಗುವ ಸಂತೋಷ ದೊಡ್ಡದು. ಅದೇ ಅಪಾಯವೂ ಹೌದು. ಗುಣ ಕೆಲವು ತಿಂಗಳಲ್ಲಿ ಕರಗುತ್ತದೆ, ಮತ್ತೆ ಬೇಕೆನಿಸುತ್ತದೆ. ರಕ್ತದ ಸಕ್ಕರೆ, ಮೂಳೆ, ಕಣ್ಣು, ನಿದ್ದೆ, ಮನಸ್ಸು ಎಲ್ಲದರ ಮೇಲೂ ಅದು ಪರಿಣಾಮ ಬೀರುತ್ತದೆ. ವರ್ಷಕ್ಕೆ ಎರಡು ಕೋರ್ಸ್ ಬೇಕಾಗುತ್ತಿದ್ದರೆ ಬೇರೆ ದಾರಿ ಹುಡುಕುವ ಕಾಲ ಬಂದಿದೆ ಎಂದೇ ಅರ್ಥ.

ಶಸ್ತ್ರಚಿಕಿತ್ಸೆ

ಇಂದಿನ ಎಂಡೊಸ್ಕೋಪಿಕ್ ಶಸ್ತ್ರಚಿಕಿತ್ಸೆಯ ಹಿಂದೆ ಆಸ್ಟ್ರಿಯಾದ ಗ್ರಾಜ್ ನಗರದ ವೈದ್ಯ ವಾಲ್ಟರ್ ಮೆಸ್ಸರ್‌ಕ್ಲಿಂಗರ್ ಅವರ ತಾಳ್ಮೆಯ ಗಮನಿಕೆ ಇದೆ. ಕೆನ್ನೆಯ ಸೈನಸ್ಸಿನಲ್ಲಿ ಲೋಳೆ ಎಲ್ಲಿಂದ ಹೊರಟರೂ ಸಹಜ ಬಾಯಿಯ ಕಡೆಗೇ ಹೋಗುತ್ತದೆ, ಬೇರೆ ಕಡೆ ತೂತು ಮಾಡಿದರೂ ಅದನ್ನು ಸುತ್ತಿ ದಾಟಿ ಸಹಜ ಬಾಯಿಗೇ ಸಾಗುತ್ತದೆ ಎಂದು ಅವರು ತೋರಿಸಿದರು. ರೋಮಗಳ ದಾರಿ ಹುಟ್ಟಿನಿಂದ ನಿಗದಿಯಾದದ್ದು. ಹಾಗಾಗಿ ಹಿಂದಿನವರಂತೆ ಅನುಕೂಲವಾದ ಜಾಗದಲ್ಲಿ ಕಿಂಡಿ ಕೊರೆಯುವುದನ್ನು ಬಿಟ್ಟು, ಸಹಜ ಬಾಯಿಯನ್ನೇ ಅಗಲಿಸಿ, ಒಳಪೊರೆಯನ್ನು ಆದಷ್ಟು ಉಳಿಸಿಕೊಳ್ಳುವ ಪದ್ಧತಿ ಬೆಳೆಯಿತು.

ಶಸ್ತ್ರಚಿಕಿತ್ಸೆ ಅಯಾನು ಸಾಗಾಟವನ್ನು ನೇರವಾಗಿ ಸರಿಪಡಿಸುವುದಿಲ್ಲ. ಬಾಯಿ ತೆರೆದು ಗಾಳಿ ಒಳಗೆ ಬಿಡುತ್ತದೆ, ತೊಳೆತಕ್ಕೂ ಔಷಧಿಗೂ ದಾರಿ ಮಾಡುತ್ತದೆ. ಆಮೇಲೆ ತೊಳೆಯುವುದನ್ನೂ ಸ್ಪ್ರೇಯನ್ನೂ ನಿಲ್ಲಿಸಿದರೆ ಅರ್ಧ ಪ್ರಯೋಜನ ಕೈಬಿಟ್ಟಂತೆ. ಆಪರೇಷನ್ ಆದ ಮೇಲೆ ಇನ್ನೇನೂ ಬೇಡ ಎಂಬ ನಿರೀಕ್ಷೆಯಿಂದ ಹೋಗುವವರಿಗೆ ಇದನ್ನು ಮೊದಲೇ ಒತ್ತಿ ಹೇಳಬೇಕು.

ಪುರಾವೆ ಏನು ಹೇಳುತ್ತದೆ? ಮ್ಯಾಕ್ರೊ ಪ್ರಯೋಗದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಬರೀ ಔಷಧಿಯಲ್ಲಿದ್ದವರಿಗಿಂತ ಸ್ಪಷ್ಟವಾಗಿ ಮುಂದಿದ್ದರು. ಆದರೆ ನೆದರ್ಲೆಂಡ್ಸಿನಲ್ಲಿ ಪಾಲಿಪ್ ಇರುವ 234 ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದು ವರ್ಷದ ಕೊನೆಗೆ ಇಂಥವೇ ಎರಡು ಗುಂಪುಗಳ ಅಂತರ ಸ್ನಾಟ್-22ರಲ್ಲಿ ಸುಮಾರು 5 ಅಂಕ ಮಾತ್ರ, ಅಂದರೆ ಅನುಭವಕ್ಕೆ ಬರುವ 9ಕ್ಕಿಂತ ಕಡಿಮೆ. ಎರಡನ್ನೂ ಒಟ್ಟಿಗೆ ಓದಿದಾಗ ನನಗೆ ಅನಿಸುವುದು ಇಷ್ಟು: ತೊಂದರೆ ದೊಡ್ಡದಾಗಿದ್ದು, ಸರಿಯಾಗಿ ಮಾಡಿದ ತೊಳೆತ-ಸ್ಪ್ರೇಗೆ ಮೂರು ತಿಂಗಳಲ್ಲೂ ಬಗ್ಗದವರಿಗೆ ಶಸ್ತ್ರಚಿಕಿತ್ಸೆ ಒಳ್ಳೆಯ ಆಯ್ಕೆ. ಪಾಲಿಪ್ ಇದ್ದವರು ಮರುಕಳಿಸುವಿಕೆಗೆ ಸಿದ್ಧರಿರಬೇಕು, ಏಕೆಂದರೆ ಅದನ್ನು ಬೆಳೆಸುವ ಉರಿಯೂತ ಕತ್ತರಿಗೆ ಸಿಗುವಂಥದ್ದಲ್ಲ. ಕಣ್ಣಿಗೆ ಏಟು, ಮೆದುಳಿನ ದ್ರವ ಸೋರುವುದು ಮುಂತಾದ ಗಂಭೀರ ಅಪಾಯಗಳು ಅಪರೂಪ, ಆದರೂ ಅನುಭವಿ ಕೈ ಹುಡುಕುವುದು ಮುಖ್ಯ.

ಬಯಾಲಾಜಿಕ್ ಚುಚ್ಚುಮದ್ದು

ಡುಪಿಲುಮಾಬ್ ಪಾಲಿಪ್ ಇರುವ ಸೈನಸ್ ಉರಿಯೂತಕ್ಕೆ ಅಮೆರಿಕದಲ್ಲಿ 2019ರಲ್ಲಿ ಅನುಮೋದನೆ ಪಡೆಯಿತು. 2020ರಲ್ಲಿ ಒಮಾಲಿಜುಮಾಬ್, 2021ರಲ್ಲಿ ಮೆಪೊಲಿಜುಮಾಬ್ ಬಂದವು. ಡುಪಿಲುಮಾಬ್ ಐಎಲ್-4 ಮತ್ತು ಐಎಲ್-13 ಎರಡರ ಸಂದೇಶವನ್ನೂ ತಡೆಯುತ್ತದೆ. ಎರಡು ವಾರಕ್ಕೊಮ್ಮೆ 300 ಮಿಲಿಗ್ರಾಂ ಚರ್ಮದಡಿ ಚುಚ್ಚಿಕೊಳ್ಳುತ್ತಾರೆ. ಪಾಲಿಪ್ ಕುಗ್ಗುತ್ತದೆ, ಬಹಳ ಜನರಲ್ಲಿ ವಾಸನೆ ಮರಳುತ್ತದೆ, ಆಸ್ತಮಾ ಇದ್ದರೆ ಅದೂ ಇಳಿಯುತ್ತದೆ. ಖರ್ಚು ಮಾತ್ರ ಈ ಪಟ್ಟಿಯಲ್ಲೇ ಅತಿ ಹೆಚ್ಚು. ನಿಲ್ಲಿಸಿದರೆ ಗುಣವೂ ಕ್ರಮೇಣ ಹೋಗುತ್ತದೆ. ಪಾಲಿಪ್ ಇಲ್ಲದವರಿಗೆ ಇದು ಸದ್ಯಕ್ಕೆ ಲೆಕ್ಕಕ್ಕಿಲ್ಲ. ಶಸ್ತ್ರಚಿಕಿತ್ಸೆಯ ನಂತರವೂ ಪಾಲಿಪ್ ಮರಳಿದವರು, ಜೊತೆಗೆ ಆಸ್ತಮಾ ಇರುವವರು, ಆಸ್ಪಿರಿನ್ ತೆಗೆದುಕೊಂಡರೆ ಉಸಿರು ಕಟ್ಟುವವರು ಇದರ ಬಗ್ಗೆ ಗಂಭೀರವಾಗಿ ಯೋಚಿಸಬೇಕು. ವಿಮೆಯ ಆಸರೆ ಇಲ್ಲದವರಿಗೆ ಒಂದು ಚೆನ್ನಾಗಿ ಮಾಡಿದ ಶಸ್ತ್ರಚಿಕಿತ್ಸೆ ಮತ್ತು ನಂತರದ ಬ್ಯುಡೆಸೊನೈಡ್ ತೊಳೆತವೇ ಮೊದಲ ಆಯ್ಕೆಯಾಗುವುದು ಸಹಜ.

ಅಯಾನು ದ್ವಾರವನ್ನೇ ಸರಿಪಡಿಸುವ ಔಷಧಿ

ಇಷ್ಟು ಓದಿದ ಮೇಲೆ ಸಿಎಫ್‌ಟಿಆರ್ ಅನ್ನೇ ಚುರುಕುಗೊಳಿಸಬಾರದೇ ಎಂಬ ಪ್ರಶ್ನೆ ಏಳಬೇಕು. ಅಂಥ ಔಷಧಿಗಳಿವೆ. ಸಿಎಫ್‌ಟಿಆರ್ ಜೀನು ಪತ್ತೆಯಾದದ್ದು 1989ರಲ್ಲಿ. ಅದರ ಎರಡೂ ಪ್ರತಿಗಳು ಕೆಟ್ಟಾಗ ಬರುವ, ಶ್ವಾಸಕೋಶ-ಜೀರ್ಣಾಂಗಗಳಲ್ಲಿ ಲೋಳೆ ಗಟ್ಟಿಯಾಗುವ ಸಿಸ್ಟಿಕ್ ಫೈಬ್ರೋಸಿಸ್ ರೋಗಕ್ಕೆ 2012ರಲ್ಲಿ ಐವಾಕಾಫ್ಟರ್, 2019ರಲ್ಲಿ ಮೂರು ಔಷಧಿಗಳ ಸಂಯೋಜನೆ ಬಂತು. ಆ ರೋಗಿಗಳ ಸೈನಸ್ ತೊಂದರೆಯೂ ಇವುಗಳಿಂದ ಗಣನೀಯವಾಗಿ ತಗ್ಗಿತು. ಅಯಾನು ಸಾಗಾಟ ಸರಿಯಾದರೆ ಸೈನಸ್ ಸುಧಾರಿಸುತ್ತದೆ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಡ. ಒಂದೇ ಪ್ರತಿ ಕೆಟ್ಟವರಲ್ಲೂ ಹಳೆಯ ಸೈನಸ್ ಉರಿಯೂತ ಹೆಚ್ಚು. 2000ದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸೈನಸ್ ರೋಗಿಗಳಲ್ಲಿ ಶೇ. 7ರಷ್ಟು ಜನ ಇಂಥ ವಾಹಕರಾಗಿದ್ದರು, ಸೈನಸ್ ತೊಂದರೆ ಇಲ್ಲದವರಲ್ಲಿ ಶೇ. 2.

ಆದರೂ ಸಿಸ್ಟಿಕ್ ಫೈಬ್ರೋಸಿಸ್ ಇಲ್ಲದ ಸಾಮಾನ್ಯ ಸೈನಸ್ ರೋಗಿಗೆ ಇವು ಇಂದು ಆಯ್ಕೆಯಲ್ಲ, ಸಂಶೋಧನೆಯ ಹಂತದಲ್ಲಿವೆ. ಚಿಕ್ಕಂದಿನಿಂದಲೇ ಪಾಲಿಪ್, ಪದೇ ಪದೇ ಎದೆಯ ಸೋಂಕು, ಜೀರ್ಣಶಕ್ತಿಯ ತೊಂದರೆ ಇದ್ದರೆ ಮಾತ್ರ ಬೆವರಿನ ಕ್ಲೋರೈಡ್ ಪರೀಕ್ಷೆ ಮಾಡಿಸುವ ಬಗ್ಗೆ ವೈದ್ಯರನ್ನು ಕೇಳಿ. ಉಳಿದವರ ಕೈಯಲ್ಲಿ ಸಿಎಫ್‌ಟಿಆರ್ ಕಾಪಾಡಲು ಇಂದೇ ಇರುವ ದಾರಿ ಧೂಮಪಾನ ಬಿಡುವುದು. ಇದಕ್ಕೆ ಖರ್ಚಿಲ್ಲ, ಉಲ್ಟಾ ಉಳಿತಾಯ.

ಯಾರಿಗೆ ಯಾವುದು

ಪಾಲಿಪ್ ಇಲ್ಲ, ತೊಂದರೆ ಮಧ್ಯಮ, ಕೈ ಬಿಗಿ ಎನ್ನುವವರು ದೊಡ್ಡ ಬಾಟಲಿಯ ತೊಳೆತ ಮತ್ತು ಸ್ಪ್ರೇಯನ್ನು 12 ವಾರ ನಿಷ್ಠೆಯಿಂದ ಮಾಡಿ. ಅಂಕ 9 ಇಳಿದರೆ ಅದನ್ನೇ ಮುಂದುವರಿಸಿ. ಇಳಿಯದಿದ್ದರೆ ಸ್ಕ್ಯಾನ್ ಮಾಡಿಸಿ ಶಸ್ತ್ರಚಿಕಿತ್ಸೆಯ ಮಾತಾಡಿ. ದಿನವೂ ತೊಳೆಯಲು ಸಮಯವೇ ಸಿಗದವರು ಸ್ಪ್ರೇಯನ್ನಾದರೂ ಬಿಡಬೇಡಿ. ಪಾಲಿಪ್ ಇದ್ದು ವಾಸನೆಯೇ ಹೋಗಿದ್ದರೆ ಸ್ಪ್ರೇಯ ಜೊತೆ ಒಂದು ಚಿಕ್ಕ ಸ್ಟೀರಾಯ್ಡ್ ಕೋರ್ಸ್ ನ್ಯಾಯವಾದದ್ದು, ಅದೇ ಅಭ್ಯಾಸವಾಗದಿರಲಿ. ಸಕ್ಕರೆ ಕಾಯಿಲೆ, ಮೂಳೆ ಸವೆತ ಇರುವವರು ಆ ಹಂತವನ್ನು ದಾಟಿ ಬೇಗ ಶಸ್ತ್ರಚಿಕಿತ್ಸೆಯತ್ತ ನೋಡುವುದು ಮೇಲು. ಗರ್ಭಿಣಿಯರಿಗೆ ತೊಳೆತ ನಿರಾತಂಕ, ಸ್ಪ್ರೇಗಳಲ್ಲಿ ಯಾವುದು ಎಂಬುದನ್ನು ವೈದ್ಯರೇ ಹೇಳಲಿ.

ಒಂದೇ ಬದಿಯ ಮೂಗು ಕಟ್ಟಿ ಅಲ್ಲಿಂದ ರಕ್ತ ಅಥವಾ ದುರ್ವಾಸನೆಯ ಸ್ರಾವ ಬರುತ್ತಿದ್ದರೆ ಈ ಯಾವ ಹೋಲಿಕೆಗೂ ಕಾಯಬೇಡಿ. ಹಲ್ಲಿನ ಬೇರಿನ ಸೋಂಕು, ಶಿಲೀಂಧ್ರದ ಗಡ್ಡೆ, ಅಪರೂಪಕ್ಕೆ ಕ್ಯಾನ್ಸರ್ ಕೂಡ ಹೀಗೆ ತೋರುತ್ತದೆ, ಇ.ಎನ್.ಟಿ. ವೈದ್ಯರು ಬೇಗ ನೋಡಬೇಕು. ಕಣ್ಣಿನ ಸುತ್ತ ಊತ, ಎರಡೆರಡಾಗಿ ಕಾಣುವುದು, ದೃಷ್ಟಿ ಮಸುಕು, ತೀವ್ರ ತಲೆನೋವಿನೊಂದಿಗೆ ಕತ್ತು ಬಿಗಿಯುವುದು ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಿ.